ಮಾತ್ರೆ ನನಗೆ, ಇಂಜೆಕ್ಷನ್ ನನ್ನ ಹಸುವಿಗೆ

ಕೊಬ್ಬಿನ ಮಾತ್ರೆ ಹಂಚಿಸುವ ಆರೋಗ್ಯಾಧಿಕಾರಿಗಳ ಸನ್ನಿಧಾನಕ್ಕೆ

ಮಾನ್ಯರೇ,

ನೀವು ಕೊಟ್ಟ ಮಾತ್ರೆ ನುಂಗಿದವಳು ನಾನು. ಅದಕ್ಕಾಗಿ ನಲವತ್ತೊಂದು ದಿನ ಚಿಕಿತ್ಸೆ ಪಡೆದದ್ದು ನನ್ನ ಹಸು. ಈ ಎರಡು ವಾಕ್ಯಗಳ ನಡುವೆ ಏನೋ ಬಿಟ್ಟುಹೋಗಿದೆ ಎಂದು ತಮಗೆ ಅನಿಸಿದರೆ ತಮ್ಮ ಊಹೆ ಸರಿ. ಬಿಟ್ಟುಹೋಗಿರುವುದು ನಾನು. ರಕ್ತದ ಕೊಬ್ಬು ಇಳಿಸುವ ಮಾತ್ರೆಯನ್ನು ಎಂಬತ್ತನಾಲ್ಕು ಕೆ.ಜಿ. ತೂಗುವ ಗಂಡಸಿಗೂ ನಲವತ್ತಮೂರು ಕೆ.ಜಿ. ತೂಗುವ ಹೆಂಗಸಿಗೂ ಒಂದೇ ಅಳತೆಯಲ್ಲಿ ಕೊಟ್ಟು, ಆಮೇಲೆ ಯಾರಿಗೆ ಏನಾಯಿತು ಎಂದು ತಿರುಗಿ ಕೇಳದ ತಮ್ಮ ಕಚೇರಿಯ ಮೇಲೆ ನನ್ನ ದೂರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ತಾವು ಕೇಳಿರುತ್ತೀರಿ. ನಾವು ಅದನ್ನು ಕೊಟ್ಟಿಗೆಯಲ್ಲಿ ಮಾಡಿಯೇ ತೋರಿಸಿದೆವು.

ನನ್ನ ಹೆಸರು ಪುಟ್ಟಗೌರಮ್ಮ, ಪಾಲಹಳ್ಳಿ ಕಡೆಯವಳು, ಹತ್ತನೇ ತರಗತಿ ಪಾಸು. ನಮ್ಮ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕವನ್ನು ಹದಿನೆಂಟು ವರ್ಷ ಬರೆದಿದ್ದೇನೆ. ಹಾಗಾಗಿ 'ಸದರಿ', 'ಮೇಲ್ಕಂಡ', 'ಸರ್ವಾನುಮತದಿಂದ' ಎಂಬ ಪದಗಳ ಬಳಕೆ ನನಗೆ ಗೊತ್ತಿದೆ. ಒಂದು ಸಂಗತಿಯನ್ನು ಹೇಗೆ ಬರೆದರೆ ಅದರ ಹೊಣೆ ಯಾರ ಹೆಗಲಿಗೂ ಏರುವುದಿಲ್ಲ ಎಂಬುದೂ ಗೊತ್ತಿದೆ. ತಮ್ಮ ಶಿಬಿರದ ರಿಜಿಸ್ಟರನ್ನು ನೋಡಿದ ದಿನ, ಇದು ನನಗಿಂತ ಪಳಗಿದ ಕೈ ಎಂದು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಸಂಕ್ರಾಂತಿ ಮುಗಿದ ವಾರ ನಮ್ಮೂರ ಶಾಲೆಯ ಅಂಗಳದಲ್ಲಿ ತಾವು ಹೃದಯ ಉಳಿಸುವ ಶಿಬಿರ ಮಾಡಿಸಿದಿರಿ. ಬಹಳ ಒಳ್ಳೆಯ ಕೆಲಸ. ಪೆಂಡಾಲು ಇತ್ತು, ಮೈಕು ಇತ್ತು, ತೂಕದ ಯಂತ್ರವೂ ಇತ್ತು. ಆದರೆ ತೂಕದ ಯಂತ್ರದ ಮೇಲೆ ಮುಖ್ಯ ಅತಿಥಿಗಳಿಗೆ ಹಾಕಬೇಕಿದ್ದ ಹಾರಗಳ ಬುಟ್ಟಿ ಇಟ್ಟಿದ್ದರು. ಹಾರಗಳು ಎರಡು ಕೆ.ಜಿ. ಮುನ್ನೂರು ಗ್ರಾಂ ಇದ್ದವು, ನಾನೇ ಬಗ್ಗಿ ನೋಡಿದೆ. ಮನುಷ್ಯರನ್ನು ಯಾರೂ ತೂಗಲಿಲ್ಲ. ನನ್ನ ಗಂಡ ನಿಂಗರಾಜು ಅವರ ರಕ್ತದಲ್ಲೂ ನನ್ನ ರಕ್ತದಲ್ಲೂ ಕೊಬ್ಬು ಗೆರೆ ದಾಟಿದೆ ಎಂದರು. ಇಬ್ಬರಿಗೂ ಸೇರಿಸಿ ಒಂದೇ ಕವರಿನಲ್ಲಿ ಮಾತ್ರೆ ಹಾಕಿ ಅವರ ಕೈಗೆ ಕೊಟ್ಟರು. ರಿಜಿಸ್ಟರಿನಲ್ಲಿ ಕುಟುಂಬದ ಯಜಮಾನರ ಸಾಲು ಪೂರ್ತಿ ತುಂಬಿತ್ತು: ಹೆಸರು, ವಯಸ್ಸು, ಬೀಡಿ ಸೇದುತ್ತಾರೋ, ಸಕ್ಕರೆ ಕಾಯಿಲೆ ಇದೆಯೋ, ದಿನಕ್ಕೆ ಎಷ್ಟು ಮಾತ್ರೆ, ಎಷ್ಟು ಮಿಲಿಗ್ರಾಂ. ಅದರ ಕೆಳಗೆ 'ಪತ್ನಿ' ಎಂದು ಬರೆದು, ಪಕ್ಕದಲ್ಲಿ ಒಂದೇ ಪದ ಬರೆದಿದ್ದರು: 'ಮೇಲಿನಂತೆ'. ನನ್ನ ವಯಸ್ಸು ಮೇಲಿನಂತೆ. ನನ್ನ ಬೀಡಿ ಮೇಲಿನಂತೆ. ನನ್ನ ಮಿಲಿಗ್ರಾಮು ಮೇಲಿನಂತೆ.

ತಪ್ಪು ತಿಳಿಯಬೇಡಿ, ಮಾತ್ರೆಯ ಮೇಲೆ ನನಗೆ ಜಗಳವಿಲ್ಲ. ನನ್ನ ತಾಯಿಯ ಕಡೆಯಲ್ಲಿ ಐವತ್ತು ದಾಟುವ ಮುನ್ನವೇ ಎದೆ ಹಿಡಿದುಕೊಂಡು ಹೋದವರು ಮೂವರಿದ್ದಾರೆ. ಬದುಕುವ ಆಸೆ ನನಗೆ ಚೆನ್ನಾಗಿಯೇ ಇದೆ. ಅದಕ್ಕೇ ಹೇಳಿದ ಹಾಗೆ ದಿನವೂ ಊಟವಾದ ಮೇಲೆ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ತೊಡೆ ಜಗ್ಗತೊಡಗಿತು, ತೋಳು ಸೋತಿತು. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಯಿತು. ಆದರೆ ನಮ್ಮ ಮನೆಯಲ್ಲಿ ನನ್ನ ತೊಡೆ ಸುದ್ದಿಯಾಗುವ ಪದ್ಧತಿ ಇಲ್ಲ. ಸುದ್ದಿಯಾದದ್ದು ಚಿನ್ನುವಿನ ಹಾಲು.

ಚಿನ್ನು ಎಂದರೆ ನನ್ನ ಹಸು. ಮೂರನೇ ಕರು ಹಾಕಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಎಂಟು ಲೀಟರು ಕೊಡುತ್ತಿದ್ದದ್ದು ಏಳಾಯಿತು, ಆರಾಯಿತು, ಒಂದು ದಿನ ಐದಕ್ಕೆ ನಿಂತಿತು. ಹಾಲಷ್ಟೇ ಇಳಿದಿದ್ದರೆ ಸುಮ್ಮನಿರಬಹುದಿತ್ತು. ಡೈರಿಯಲ್ಲಿ ಹಾಲಿನ ಜಿಡ್ಡು ಅಳೆಯುವ ಯಂತ್ರದಲ್ಲಿ ನಾಲ್ಕು ಚಿಲ್ಲರೆ ಬರುತ್ತಿದ್ದ ಫ್ಯಾಟು ಮೂರು ಚಿಲ್ಲರೆಗೆ ಬಂತು. ಡೈರಿ ಕಾರ್ಯದರ್ಶಿ ಚಲುವಯ್ಯ ನನಗೆ ತಮ್ಮನ ವರಸೆ. ಸಾಲಿನಲ್ಲಿ ನಿಂತ ಇಪ್ಪತ್ತು ಜನರ ಎದುರಿಗೇ ಕ್ಯಾನು ಅಲ್ಲಾಡಿಸಿ ಕೇಳಿದ:

"ಏನ್ ಗೌರಕ್ಕ, ಹಾಲ್ಗೆ ಕಾವೇರಮ್ಮನ್ನೂ ಕರ್ಕೊಂಬಂದ್ಬುಟ್ಟಿದ್ದೀರಾ?"

ಎಲ್ಲರೂ ನಕ್ಕರು. ಮಾನ್ಯರೇ, ಇಪ್ಪತ್ತಾರು ವರ್ಷದಿಂದ ಆ ಡೈರಿಗೆ ಹಾಲು ಹಾಕಿದ್ದೇನೆ. ನನ್ನ ಕ್ಯಾನಿಗೆ ನೀರು ಮುಟ್ಟಿದ್ದು ತೊಳೆಯುವಾಗ ಮಾತ್ರ. ಅಂದು ಮನೆಗೆ ಬರುವ ದಾರಿಯಲ್ಲಿ ನನಗೆ ಅಳು ಬಂತು. ತೊಡೆ ನೋವಿಗೆ ಬಾರದ ಅಳು ಆ ಮಾತಿಗೆ ಬಂತು.

ಮನೆಯಲ್ಲಿ ಯಜಮಾನರು ತನಿಖೆ ಆರಂಭಿಸಿದರು. ಅವರ ತನಿಖೆ ಯಾವಾಗಲೂ ಹಸುವಿನಿಂದ ಶುರುವಾಗುತ್ತದೆ, ಹೆಂಡತಿಯವರೆಗೆ ಬರುವಷ್ಟರಲ್ಲಿ ಅವರಿಗೆ ಸುಸ್ತಾಗಿರುತ್ತದೆ. "ದೃಷ್ಟಿ ತಾಕ್ಬುಟ್ಟೈತೆ ಕಣೆ" ಎಂದು ಕೊರಳಿಗೆ ಕರಿದಾರ ಕಟ್ಟಿದರು. ಹಿಂಡಿ ಬದಲಾಯಿಸಿದರು. ಊರಲ್ಲಿ ದನಕರುಗಳಿಗೆ ಸೂಜಿ ಹಾಕುವ ಶಂಕರ್ ಬಂದು ಜಂತುಹುಳದ ಔಷಧಿ ಕುಡಿಸಿದ, ಕ್ಯಾಲ್ಸಿಯಂ ಬಾಟಲಿ ಏರಿಸಿದ, ಲಿವರ್ ಟಾನಿಕ್ ಬರೆದುಕೊಟ್ಟ. ಚಿನ್ನುವಿನ ಲಿವರು ಗಟ್ಟಿಯಾಯಿತು, ಕೊರಳು ಕಪ್ಪಾಯಿತು, ಹಾಲು ಇದ್ದಲ್ಲೇ ಇತ್ತು. ಮೂಕಪ್ರಾಣಿ ಎಲ್ಲವನ್ನೂ ಸಹಿಸಿತು. ಕೊನೆಗೊಂದು ದಿನ ನನ್ನನ್ನೇ ಒದ್ದಿತು. ಅಲ್ಲಿಯವರೆಗೆ ಯಾರೂ ಸರಿಯಾದ ವಿಳಾಸಕ್ಕೆ ದೂರು ಕೊಟ್ಟಿರಲಿಲ್ಲ, ಅದೇ ಮೊದಲು.

ಆ ನಡುವೆ ನಾನು ಕೈಕಟ್ಟಿ ಕೂತಿರಲಿಲ್ಲ. ತಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ಕೊಡುವ ಸಿಸ್ಟರಮ್ಮನ ಮುಂದೆ ನಿಂತೆ. ನಮ್ಮ ಸಂಭಾಷಣೆಯನ್ನು ನಡಾವಳಿ ಬರೆಯುವವಳ ನಿಷ್ಠೆಯಿಂದ ಇಲ್ಲಿ ದಾಖಲಿಸುತ್ತೇನೆ.

"ತೊಡೆ, ತೋಳು ಎಲ್ಲಾ ನೋವು ಕಣಮ್ಮ. ಆ ಕೊಬ್ಬಿನ್ ಮಾತ್ರೆ ಶುರು ಮಾಡ್ದಾಗ್ಲಿಂದ ಇಂಗೆ."

"ಯಜಮಾನ್ರೂ ಅದೇ ಮಾತ್ರೆ ತಗೋತಾವ್ರಲ್ವಾ? ಅವ್ರಿಗೇನಾಯ್ತು?"

"ಅವ್ರು ಗುಂಡ್ಕಲ್ ಇದ್ದಂಗವ್ರೆ."

"ಮತ್ತಿನ್ನೇನು? ಮಾತ್ರೆದಲ್ಲಮ್ಮ ಇದು, ವಯಸ್ಸಿಂದು. ಮುಟ್ಟು ನಿಂತ್ಮೇಲೆ ಇವೆಲ್ಲ ಇದ್ದದ್ದೇ."

ಗಮನಿಸಿದಿರಾ? ನೋವು ನನ್ನ ತೊಡೆಯದು, ಸಾಕ್ಷಿ ಹೇಳಲು ಕರೆಸಿದ್ದು ನನ್ನ ಗಂಡನ ತೊಡೆಯನ್ನು. ಆ ತೊಡೆ ನ್ಯಾಯವಾಗಿಯೇ ಸಾಕ್ಷಿ ಹೇಳಿತು, ಅದಕ್ಕೆ ನಿಜಕ್ಕೂ ಏನೂ ಆಗಿರಲಿಲ್ಲ. ಸಿಸ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಒಬ್ಬರೇ ನಾಲ್ಕು ಊರು ನೋಡಿಕೊಳ್ಳುವ ಹೆಣ್ಣುಮಗಳು ಆಕೆ. ಹೀಗೆ ಕೇಳಬೇಕು ಎಂದು ಆಕೆಗೆ ಯಾರು ಕಲಿಸಿದರೋ, ಹೀಗಲ್ಲ ಎಂದು ಯಾರು ಕಲಿಸಲಿಲ್ಲವೋ, ಅವರ ಮೇಲೆ ಸಿಟ್ಟು. ಹೆಂಗಸಿಗೆ ಐವತ್ತು ದಾಟಿದರೆ ತಮ್ಮ ಇಲಾಖೆಗೆ ಎಷ್ಟು ಅನುಕೂಲ ನೋಡಿ. ಆಮೇಲೆ ಅವಳಿಗೆ ಏನೇ ಬಂದರೂ ಕಾರಣ ಮೊದಲೇ ಸಿದ್ಧವಾಗಿರುತ್ತದೆ.

ಚಿನ್ನುವಿನ ಚಿಕಿತ್ಸೆಯ ನಲವತ್ತನೇ ದಿನ ಯಜಮಾನರು ತೀರ್ಪು ಕೊಟ್ಟರು. "ಹಸ ಕೆಟ್ಟೋಯ್ತು ಕಣೆ ಗೌರಿ, ಸಂತೇಗೊಡುದ್ಬುಡೋಣ." ಕೆ.ಆರ್. ಪೇಟೆ ಸಂತೆಯಲ್ಲಿ ದನ ಕೊಡಿಸುವ ದಲ್ಲಾಳಿ ನರಸಯ್ಯ ಮರುದಿನವೇ ಬಂದ. ನಾನು ಆಗತಾನೇ ಹಾಲು ಕರೆದು ಎದ್ದಿದ್ದೆ. ಅವನು ಚಿನ್ನುವಿನ ಕೆಚ್ಚಲನ್ನು ಒಂದೇ ಸಲ ಅದುಮಿ ನೋಡಿದ, ಹುಬ್ಬು ಏರಿಸಿದ, ತಕ್ಷಣ ಇಳಿಸಿದ. "ಏನ್ ಮಾಡೋದು ಬುಡಿ ಗೌಡ್ರೆ, ಈ ಹಸೀಗೆ ಗಿರಾಕಿ ಸಿಕ್ಕೋದು ಕಷ್ಟ" ಎಂದು ಬಹಳ ದುಃಖದಿಂದ ಹೇಳಿ, ಇವತ್ತೇ ಹೊಡೆದುಕೊಂಡು ಹೋಗಲು ಹಗ್ಗ ಕೇಳಿದ. ಕರೆದು ಮುಗಿಸಿದ ಕೆಚ್ಚಲಲ್ಲಿ ಇನ್ನೂ ಹಾಲಿದೆ ಎಂದು ಇಡೀ ತಾಲ್ಲೂಕಿನಲ್ಲಿ ಮೊದಲು ಕಂಡುಹಿಡಿದವನು ಅವನೇ ಎಂದು ಈಗ ನನಗೆ ಖಾತ್ರಿಯಾಗಿದೆ. ಆದರೆ ಕಂಡುಹಿಡಿದದ್ದನ್ನು ಹೇಳುವುದು ಅವನ ವೃತ್ತಿಯಲ್ಲ.

ಚಿನ್ನು ನನ್ನ ಕೈಯಲ್ಲೇ ಹುಟ್ಟಿದ ಕರು. ಅದರ ತಾಯಿಗೂ ನಾನೇ ಹೆರಿಗೆ ಮಾಡಿಸಿದ್ದು. ಹಗ್ಗ ಕೊಡುವುದಿಲ್ಲ ಎಂದು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತೆ. "ಸರ್ಕಾರಿ ಡಾಕ್ಟ್ರು ಒಂದ್ಸಲ ನೋಡ್ಲಿ, ಅವ್ರು ಕೆಟ್ಟೋಗೈತೆ ಅಂದ್ರೆ ನಾನೇ ಬಿಚ್ಕೊಡ್ತೀನಿ" ಎಂದೆ. ಯಜಮಾನರು ಗೊಣಗಿಕೊಂಡೇ ಫೋನು ಮಾಡಿದರು. ಪಶು ಆಸ್ಪತ್ರೆಯಿಂದ ಅರ್ಪಿತ ಡಾಕ್ಟರು ಸ್ಕೂಟಿಯಲ್ಲಿ ಬಂದರು. ಮೂವತ್ತು ತುಂಬಿರಲಾರದು.

ಆ ಹುಡುಗಿ ಏನು ಮಾಡಿದಳು ಎಂದು ತಾವು ದಯವಿಟ್ಟು ಓದಬೇಕು. ಮೊದಲು ಚಿನ್ನುವಿನ ಆರೋಗ್ಯ ಚೀಟಿ ಕೇಳಿದಳು. ಕಿವಿಯ ಬಿಲ್ಲೆಯ ಹನ್ನೆರಡು ಅಂಕಿಯನ್ನು ಚೀಟಿಯ ಜೊತೆ ತಾಳೆ ನೋಡಿದಳು. ತಳಿ ಯಾವುದು, ತಾಯಿ ಎಷ್ಟು ಕೊಡುತ್ತಿತ್ತು, ಯಾವ ನಂಬರಿನ ಹೋರಿಯ ಕರು, ಎಷ್ಟನೇ ಸೂಲು, ಎಲ್ಲಾ ಅದರಲ್ಲಿ ಬರೆದಿದೆ. ಎದೆಯ ಸುತ್ತ ಟೇಪು ಹಿಡಿದು ತೂಕ ಲೆಕ್ಕ ಹಾಕಿದಳು. ನಲವತ್ತೊಂದು ದಿನದಲ್ಲಿ ಏನೇನು ಔಷಧಿ ಹೋಗಿದೆ ಎಂದು ಕೇಳಿ ತಲೆ ಚಚ್ಚಿಕೊಂಡಳು. ಆಮೇಲೆ ನಾನು ಕರೆದು ಬಿಟ್ಟಿದ್ದ ಕೆಚ್ಚಲಿಗೆ ತಾನೇ ಕೂತು ಕೈ ಹಾಕಿದಳು. ಚೊರ್ ಚೊರ್ ಎಂದು ಎರಡು ಲೀಟರು ಇಳಿಯಿತು.

"ಹಸು ಚೆನ್ನಾಗಿದೆ. ಕೊನೇ ಹಾಲಲ್ಲೇ ಜಾಸ್ತಿ ಜಿಡ್ಡಿರೋದು, ಅದೇ ಕೆಚ್ಚಲಲ್ಲಿ ಉಳ್ಕೊಂತಿದೆ. ಅದಕ್ಕೆ ಫ್ಯಾಟ್ ಬರ್ತಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಎರಡು ಬೆರಳು ಚಾಚಿದಳು. "ಅಮ್ಮಾ, ಇದನ್ನ ಜೋರಾಗಿ ಅದುಮಿ."

ಅದುಮಿದೆ.

"ಶುರು ಮಾಡಿ."

"ಅದುಮ್ತಾನೇ ಇವ್ನಿ ಕಣವ್ವ."

ಅವಳು ನಗಲಿಲ್ಲ. "ಇತ್ತೀಚೆಗೆ ಯಾವ್ದಾದ್ರೂ ಹೊಸ ಮಾತ್ರೆ ಶುರು ಮಾಡಿದ್ರಾ?" ಎಂದು ಕೇಳಿದಳು.

ಮಾನ್ಯರೇ, ಒಂದೇ ಒಂದು ಪ್ರಶ್ನೆ. ನನ್ನ ಮೈಯನ್ನು ಕುರಿತು ಆ ಪ್ರಶ್ನೆ ಕೇಳಿದ್ದು ದನದ ಡಾಕ್ಟರು. ಮನುಷ್ಯರ ಆರೋಗ್ಯಕ್ಕೆಂದೇ ಇರುವ ತಮ್ಮ ಇಲಾಖೆಗೆ ಅದು ಯಾಕೆ ಹೊಳೆಯಲಿಲ್ಲ? ನನಗೆ ನಾಲ್ಕು ಕಾಲಿಲ್ಲದ್ದು ಅಡ್ಡಿಯಾಯಿತೇ? ಇನ್ನೊಂದು ಸಂಗತಿಗಾಗಿ ತಮ್ಮನ್ನು ಅಭಿನಂದಿಸಲೇಬೇಕು. ತಮ್ಮ ಮಾತ್ರೆ ಕೊಬ್ಬು ಇಳಿಸುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ನುಂಗಿದವಳು ನಾನು, ಪಕ್ಕದಲ್ಲಿ ನಿಂತಿದ್ದ ಹಸುವಿನ ಫ್ಯಾಟೂ ಇಳಿಯಿತು.

ಅರ್ಪಿತ ಡಾಕ್ಟರು ಹೇಳಿದಂತೆ ಮೈಸೂರಿನ ವೈದ್ಯರೊಬ್ಬರ ಬಳಿ ಹೋದೆವು. ಅವರು ಮೊದಲು ನನ್ನನ್ನು ತೂಗಿದರು, ಆ ಯಂತ್ರದ ಮೇಲೆ ಹಾರ ಇರಲಿಲ್ಲ. ಸ್ನಾಯುಗಳಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶವೊಂದು ಇದೆಯಂತೆ, ಅದು ನನಗೆ ಬಹಳ ಏರಿತ್ತು. ಸದ್ಯಕ್ಕೆ ಮಾತ್ರೆ ನಿಲ್ಲಿಸಿದರು. ಸಮಾಧಾನದಿಂದ ತಿಳಿಸಿಯೂ ಹೇಳಿದರು. ಹೆಚ್ಚಿನವರಿಗೆ ಈ ಮಾತ್ರೆಯಿಂದ ಏನೂ ತೊಂದರೆಯಾಗುವುದಿಲ್ಲ. ಆದರೆ ಸಣ್ಣ ಮೈಕಟ್ಟಿನ, ವಯಸ್ಸಾದ ಹೆಂಗಸರಲ್ಲಿ ಸ್ನಾಯು ನೋವಿನ ಸಂಭವ ಹೆಚ್ಚು. ಅದೇ ಅಳತೆ ಕೊಟ್ಟರೂ ನಮ್ಮ ರಕ್ತದಲ್ಲಿ ಔಷಧಿ ಹೆಚ್ಚು ನಿಲ್ಲಬಹುದು. ಹಿಂದೆ ಈ ಮಾತ್ರೆಗಳನ್ನು ಪರೀಕ್ಷೆ ಮಾಡುವಾಗ ಸೇರಿಸಿಕೊಂಡವರಲ್ಲಿ ಗಂಡಸರೇ ಜಾಸ್ತಿ. ಅಂದರೆ ನಮ್ಮ ಅಳತೆಯನ್ನು ಅಲ್ಲಿಯೂ ಸುಮಾರಾಗಿ ಮೇಲಿನಂತೆ ಎಂದೇ ಬರೆದುಕೊಂಡಿದ್ದಾರೆ ಎಂದಾಯಿತು. ಜೊತೆಗೆ ಹುಟ್ಟಿನಿಂದ ಬಂದ ಗುಣವೂ ಒಂದಿದೆ. ಔಷಧಿಯನ್ನು ರಕ್ತದಿಂದ ಲಿವರಿನ ಒಳಕ್ಕೆ ಬಿಟ್ಟುಕೊಳ್ಳುವ ಬಾಗಿಲು ಕೆಲವರಲ್ಲಿ ಕಿರಿದಾಗಿರುತ್ತದಂತೆ. ಒಳಗೆ ಹೋಗಲಾರದ್ದು ಹೊರಗೇ ಅಲೆದಾಡಿ ಸ್ನಾಯುಗಳನ್ನು ಕಾಡುತ್ತದೆ. "ನಿಮ್ಮ ಒಡಹುಟ್ಟಿದವರಿಗೆ ಯಾರಿಗಾದರೂ ಹೀಗಾಗಿತ್ತಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೊರಗೆ ಬಂದು ನಾಗಮಂಗಲದಲ್ಲಿರುವ ನನ್ನ ಅಕ್ಕ ಸಣ್ಣತಾಯಮ್ಮನಿಗೆ ಫೋನು ಮಾಡಿದೆ.

"ಅಯ್ಯೋ, ನಂಗೂ ಅಂಗೇ ಆಗಿತ್ತು ಕಣೆ" ಎಂದಳು ಅಕ್ಕ. "ಮೆಟ್ಲು ಅತ್ತಕ್ಕೇ ಆಯ್ತಿರ್ಲಿಲ್ಲ. ಅದ್ಕೇ ಮಾತ್ರೆನ ದಿನಾ ತೆಂಗಿನ್ ಮರದ್ ಬುಡುಕ್ಕಾಕ್ಬುಡ್ತಿದ್ದೆ."

"ಯಾರ್ಗೂ ಹೇಳ್ಲಿಲ್ವಾ?"

"ಏನಂತ ಹೇಳ್ಲವ್ವ? ನಿಮ್ ಭಾವ ನುಂಗ್ಕೊಂಡು ಚೆನ್ನಾಗೇ ಇದ್ರಲ್ಲ."

ಹೀಗೆ ಏಳು ತಿಂಗಳು. ತಮ್ಮ ಇಲಾಖೆಯಿಂದ ಮನೆಗೆ ಬಂದು ಮಾತ್ರೆಯ ಖಾಲಿ ಹಾಳೆ ಎಣಿಸುವವರು ಅವಳ ಹೆಸರಿನ ಮುಂದೆ ತಪ್ಪದೆ ಗುರುತು ಹಾಕಿ, ಇಡೀ ಬೀದಿಗೆ ಮಾದರಿ ಎಂದು ಹೊಗಳಿದ್ದಾರೆ. ಇಂದು ನಾಗಮಂಗಲದಲ್ಲಿ ಹೃದಯಾಘಾತದ ಭಯವೇ ಇಲ್ಲದ ಒಂದು ತೆಂಗಿನ ಮರವಿದೆ. ಆದರೆ ನನ್ನ ಅಕ್ಕನಿಗೆ ನಮ್ಮೂರ ಶಿಬಿರಕ್ಕೂ ಮೊದಲೇ, ಕಳೆದ ಕಾರ್ತಿಕದಲ್ಲಿ ಎದೆ ಹಿಡಿದುಕೊಂಡಿತು, ಹೃದಯದ ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಬದುಕಿದ್ದಾಳೆ. ಮಾತ್ರೆ ಬಿಟ್ಟದ್ದಕ್ಕೇ ಹಾಗಾಯಿತು ಎಂದು ಹೇಳುವಷ್ಟು ಓದು ನನಗಿಲ್ಲ. ಆದರೆ ಆಮೇಲೆ ಏನಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. "ಮಾತ್ರೆ ತಗಂಡ್ರೂ ಸಣ್ಣತಾಯಮ್ಮಂಗೆ ಆರ್ಟ್ ಅಟ್ಯಾಕ್ ಆಯ್ತು, ಇನ್ಯಾಕೆ ತಗೋಬೇಕು" ಎಂದು ಆ ಬೀದಿಯ ಅರ್ಧ ಜನ ಮಾತ್ರೆ ಬಿಟ್ಟರು. ಅವಳು ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ಗೊತ್ತಿದ್ದದ್ದು ತೆಂಗಿನ ಮರಕ್ಕೆ ಮಾತ್ರ. ಇದನ್ನು ಬರೆಯುವಾಗ ನನಗೆ ತಮಾಷೆ ಮಾಡಲು ಮನಸ್ಸು ಬರುತ್ತಿಲ್ಲ. ನೋವು ಎಂದಾಗ ಯಾರಾದರೂ ನಂಬಿದ್ದರೆ ನನ್ನ ಅಕ್ಕ ಸುಳ್ಳು ಹೇಳಬೇಕಾಗಿರಲಿಲ್ಲ.

ನನ್ನ ಕಥೆ ಸುಖಾಂತವೇ. ಕೈಗೆ ಶಕ್ತಿ ಬರುವವರೆಗೆ ಒಂದೂವರೆ ತಿಂಗಳು ಯಜಮಾನರೇ ಹಾಲು ಕರೆದರು. ಐವತ್ತು ವರ್ಷ ಹಸು ಸಾಕಿದ್ದೇನೆ ಎನ್ನುತ್ತಿದ್ದವರಿಗೆ ಹಸುವಿನ ಬಲಗಡೆ ಕೂರಬೇಕೋ ಎಡಗಡೆಯೋ ಗೊತ್ತಿರಲಿಲ್ಲ. ಚಿನ್ನು ಎರಡು ಸಲ ಒದ್ದು ಪಾಠ ಹೇಳಿಕೊಟ್ಟಿತು. ಈಗ ವೈದ್ಯರು ನನಗೆ ಬೇರೆ ಜಾತಿಯ ಮಾತ್ರೆಯನ್ನು ಸಣ್ಣ ಅಳತೆಯಲ್ಲಿ ಕೊಟ್ಟಿದ್ದಾರೆ. ಕೊಬ್ಬು ಇಳಿದಿದೆ, ಕೈ ಸರಿಯಿದೆ, ಬೆಳಿಗ್ಗೆ ಎಂಟು ಲೀಟರು, ಫ್ಯಾಟು ನಾಲ್ಕು ಚಿಲ್ಲರೆ. ಚಲುವಯ್ಯ ಕಾವೇರಮ್ಮನ ಮಾತಿಗೆ ಅದೇ ಸಾಲಿನ ಮುಂದೆ ತಪ್ಪೊಪ್ಪಿಕೊಂಡ. ನರಸಯ್ಯ ನಮ್ಮ ಬೀದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಾನೆ.

ಉಳಿದವರು ತಾವು. ದೂರು ಕೊಡಲು ತಮ್ಮ ಕಚೇರಿಗೆ ಬಂದಿದ್ದೆ. ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಬೇರೆ ಸಂಖ್ಯೆ ಇಲ್ಲ ಎಂದರು. "ಯಜಮಾನ್ರ ನಂಬರ್ಗೇ ಹಾಕ್ಬುಡ್ತೀನಿ ಬುಡಿ, ಎಲ್ಲಾ ಒಂದೇ" ಎಂದು ಗುಮಾಸ್ತರು ಉಪಕಾರ ಮಾಡಿ, ಅಚ್ಚು ಹಾಕಿದ ರಸೀದಿಯನ್ನೂ ಕೊಟ್ಟರು. ಅದರ ಪ್ರಕಾರ ನಿಂಗರಾಜು, ಗಂಡು, ವಯಸ್ಸು ಅರವತ್ತಮೂರು, ಇವರಿಗೆ ಹಾಲು ಕರೆಯುವಾಗ ಕೈ ಸೋಲುತ್ತದೆ ಮತ್ತು ಮುಟ್ಟು ನಿಂತು ಏಳು ವರ್ಷವಾಗಿದೆ. ಮನೆಯಲ್ಲಿ ಓದಿ ಹೇಳಿದೆ. ಯಜಮಾನರು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. "ಇದೇನೆ ಇದು, ನಿನ್ ಮೈನ ನನ್ ಮೈ ಅಂತ ಬರ್ಕೊಂಡವ್ರೆ?" ಎಂದು ಕೂಗಾಡಿದರು. ಸಿಟ್ಟು ಬಂದಿತ್ತು, ನೋಡಲು ಬಹಳ ಚೆನ್ನಾಗಿತ್ತು. ನನ್ನ ದೂರು ಏನೆಂದು ಅವರಿಗೆ ಪೂರ್ತಿ ಅರ್ಥವಾದದ್ದು ಆ ದಿನ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಂದಿನ ಶಿಬಿರದಲ್ಲಿ ಹಾರಗಳನ್ನು ಬೇರೆ ಎಲ್ಲಾದರೂ ಇಟ್ಟು, ಮನುಷ್ಯರನ್ನು ತೂಗಿಸಿ. ಹೆಂಗಸಿಗೆ ಅವಳದೇ ಒಂದು ಸಾಲು ಕೊಡಿ, ಅದನ್ನು ಪೂರ್ತಿ ತುಂಬಿಸಿ. ಬೇರೆ ಯಾವ ಮಾತ್ರೆ ನುಂಗುತ್ತಾಳೆ, ತಾಯಿಗೆ ಅಕ್ಕನಿಗೆ ಏನಾಗಿತ್ತು ಎಂದು ಕೇಳಿಸಿ. ಒಂದು ತಿಂಗಳು ಬಿಟ್ಟು, ಖಾಲಿ ಹಾಳೆ ಎಣಿಸುವವರ ಬಾಯಲ್ಲಿ ಇನ್ನೊಂದು ಮಾತು ಕೇಳಿಸಿ: "ಅಮ್ಮಾ, ತೊಡೆ ತೋಳು ನೋಯುತ್ತಾ?" ನೋಯುತ್ತದೆ ಎಂದರೆ ಅವಳ ಗಂಡನನ್ನು ಕರೆಸಬೇಡಿ, ವೈದ್ಯರ ಬಳಿ ಕಳಿಸಿ, ಅಳತೆ ಬದಲಾಯಿಸಿ. ತಾನಾಗಿಯೇ ಮಾತ್ರೆ ಬಿಡಬೇಡ, ಬಂದು ಹೇಳು ಎಂದು ಅವಳಿಗೆ ಧೈರ್ಯ ಕೊಡಿ. ಇದ್ಯಾವುದೂ ಸಾಧ್ಯವಿಲ್ಲ, ನಿಯಮದಲ್ಲಿ ಅವಕಾಶವಿಲ್ಲ ಎಂದಾದರೆ ನನಗೂ ಒಂದು ಹನ್ನೆರಡು ಅಂಕಿಯ ಬಿಲ್ಲೆ ಹೊಡೆಸಿ ಪಶು ಇಲಾಖೆಗೆ ವರ್ಗಾಯಿಸಿಬಿಡಿ. ಅಲ್ಲಿ ನೋಡಿಕೊಳ್ಳುತ್ತಾರೆ.

ಸಾಕ್ಷಿಗಾಗಿ ಚಿನ್ನುವಿನ ಆರೋಗ್ಯ ಚೀಟಿಯ ಜೆರಾಕ್ಸ್ ಲಗತ್ತಿಸಿದ್ದೇನೆ. ಕೊನೆಯ ಸಾಲಿನಲ್ಲಿ ಅರ್ಪಿತ ಡಾಕ್ಟರು ಹಸಿರು ಶಾಯಿಯಲ್ಲಿ ಬರೆದದ್ದು ಹೀಗಿದೆ: "ಹಸು ಆರೋಗ್ಯವಾಗಿದೆ. ಕರೆಯುವವರ ಕೈಯಲ್ಲಿ ಶಕ್ತಿ ಇಲ್ಲ, ತುಂಬಾ ನೋವಿದೆ. ಕೂಡಲೇ ಗಮನ ಕೊಡಬೇಕು." ಐವತ್ತೆಂಟು ವರ್ಷದಲ್ಲಿ ನನ್ನ ನೋವನ್ನು ನನ್ನದೇ ಎಂದು ಬರೆದ ಸರ್ಕಾರಿ ಕಾಗದ ಇದೊಂದೇ. ಅದರ ಮೇಲಿರುವ ಹೆಸರು ಮಾತ್ರ ನನ್ನ ಹಸುವಿನದು.

ಇಂತಿ,
ಯಾರ ಮೇಲಿನಂತೆಯೂ ಅಲ್ಲದ
ಪುಟ್ಟಗೌರಮ್ಮ
ಹೆಣ್ಣು, ನಲವತ್ತಮೂರು ಕೆ.ಜಿ., ಕಿವಿಯಲ್ಲಿ ಸದ್ಯಕ್ಕೆ ಓಲೆ ಮಾತ್ರ